ಹೆಸರು ಬರೆದುಕೊಂಡ ಮೇಲೆ ರಸೀದಿಯನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಹೊರರಾಜ್ಯಗಳಿಂದ ದುಡಿಯಲು ಬಂದವರಿಗೆ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಅವರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ತಪ್ಪಿದರೆ ಮನೆಯ ಮಾಲೀಕರ ಮೇಲೆಯೇ ಕ್ರಮ ಆಗುತ್ತದೆ ಎಂದು ಕೆಲವು ದಿನಗಳ ಹಿಂದೆ ವಿಜಯಪುರದ ನಮ್ಮ ಬಡಾವಣೆಯಲ್ಲಿ ಆಟೊಕ್ಕೆ ಧ್ವನಿವರ್ಧಕ ಕಟ್ಟಿಕೊಂಡು ಸಾರಿ ಹೋದರು. ಊರು ಬೆಳೆಯುತ್ತಿದೆ, ಯಾರು ಎಲ್ಲಿ ಇದ್ದಾರೆ ಎಂಬುದು ಠಾಣೆಗೆ ಗೊತ್ತಿರಲಿ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಹೀಗೆ ವಿವರ ಒಪ್ಪಿಸಿದವರಿಗೆ ಠಾಣೆಯವರು ತಿರುಗಿ ಏನು ಕೊಡುತ್ತಾರೆ ಎಂಬುದನ್ನು ಮಾತ್ರ ಆ ಆಟೊದವರು ಸಾರಲಿಲ್ಲ. ನನ್ನ ಅನುಭವದಲ್ಲಿ ಏನನ್ನೂ ಕೊಡುವುದಿಲ್ಲ, ಒಂದು ಚೂರು ಕಾಗದವನ್ನೂ ಸಹ. ಈ ಪತ್ರ ಅದರ ಸಲುವಾಗಿಯೇ.

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಮಾಳಿಗೆಯ ಮೇಲೆ ಎರಡು ಖೋಲಿ ಕಟ್ಟಿಸಿದ್ದೇನೆ. ಕಳೆದ ವರ್ಷ ಅವುಗಳಲ್ಲಿ ಬಿಹಾರದ ಕಟಿಹಾರ ಜಿಲ್ಲೆಯ ನಾಲ್ವರು ಹುಡುಗರು ಬಾಡಿಗೆಗೆ ಬಂದರು. ಫರ್ಸಿ ಕೂಡಿಸುವುದು ಅವರ ಕಸುಬು. ನಮ್ಮ ಓಣಿಯಲ್ಲಿ ಹೊಸದಾಗಿ ಎದ್ದ ಮೂರು ಮನೆಗಳ ನೆಲವನ್ನು ಅವರೇ ಕೂಡಿಸಿದ್ದು, ನೀರು ಚೆಲ್ಲಿದರೆ ಒಂದು ಹನಿಯೂ ಮೂಲೆಯಲ್ಲಿ ನಿಲ್ಲುವುದಿಲ್ಲ. ಬಂದ ಒಂಬತ್ತನೆಯ ದಿನ, ನಿಯಮ ಪಾಲಿಸೋಣವೆಂದು, ನಾಲ್ವರನ್ನೂ ಕರೆದುಕೊಂಡು ನಾನು ಠಾಣೆಗೆ ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ, ಏಕೆಂದರೆ ಇದು ಒಂದು ಠಾಣೆಯ ದೋಷವಲ್ಲ; ಗೆಳೆಯರನ್ನು ಕೇಳಿದಾಗ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸಗಾರರಿಗೆ ಕೋಣೆ ಕೊಟ್ಟವರೂ, ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವರಿಗೆ ಮನೆ ಕೊಟ್ಟವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು.

ಬೆಳಿಗ್ಗೆ ಹತ್ತೂವರೆಗೆ ಹೋದಾಗ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ನಮೂನೆ ಠಾಣೆಯಲ್ಲಿ ಇರಲಿಲ್ಲ. ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ ಎಂದರು. ಒಂದಕ್ಕೆ ಹತ್ತು ರೂಪಾಯಿ. ಅದು ಎಷ್ಟು ಸಲ ಝೆರಾಕ್ಸಿನ ಝೆರಾಕ್ಸ್ ಆಗಿತ್ತೆಂದರೆ ಅಂಚಿನ ಅಕ್ಷರಗಳು ಅಳಿಸಿಹೋಗಿ, 'ತಂದೆಯ ಹೆಸರು' ಎಂಬ ಕಡೆ 'ದೆಯ ಹೆಸರು' ಎಂದಷ್ಟೇ ಉಳಿದಿತ್ತು. ಎತ್ತರ, ಮೈಬಣ್ಣ, ಮೈಮೇಲಿನ ಗುರುತು, ಹಿಂದೆ ಇದ್ದ ಊರುಗಳು, ಅದರ ಕೆಳಗೆ 'ಸ್ಥಳೀಯವಾಗಿ ಪರಿಚಯವಿರುವ ಇಬ್ಬರ ಹೆಸರು ಮತ್ತು ವಿಳಾಸ'. ಊರಿಗೆ ಬಂದು ಒಂಬತ್ತು ದಿನವಾದವನಿಗೆ ಇಬ್ಬರು ಪರಿಚಯದವರು ಎಲ್ಲಿಂದ ಬರಬೇಕು? ನಾಲ್ವರೂ ಮೊದಲನೆಯ ಸಾಲಿನಲ್ಲಿ ನನ್ನ ಹೆಸರು ಬರೆಸಿದರು, ಎರಡನೆಯದರಲ್ಲಿ ನಮ್ಮ ಓಣಿಯ ಚಹಾದ ಅಂಗಡಿಯವರದು. ಆತನಿಗೆ ಈ ವಿಷಯ ನಾನು ಸಂಜೆ ಹೋಗಿ ಹೇಳಿದ ಮೇಲೆ ತಿಳಿಯಿತು.

ಬರೆದುಕೊಳ್ಳಲು ಕುಳಿತ ಹವಾಲ್ದಾರರು ನನ್ನ ಹಳೆಯ ವಿದ್ಯಾರ್ಥಿ. "ಸರ್, ನೀವ್ಯಾಕ ತ್ರಾಸ ತಗೊಂಡ್ರಿ, ಅವರನ್ನಷ್ಟ ಕಳಸಿದ್ರ ಆಗತಿತ್ತಲ್ರಿ" ಎಂದು ಕುರ್ಚಿ ಹಾಕಿಸಿದರು, ನನಗೆ ಮಾತ್ರ; ಹುಡುಗರು ಗೋಡೆಗೆ ಒರಗಿ ನಿಂತರು. ಊರು ಯಾವುದೆಂದು ಕೇಳಿದಾಗ ಹಿರಿಯ ಹುಡುಗ ತನ್ನ ರೂಢಿಯಂತೆ ಗ್ರಾಮ, ಅಂಚೆ, ಥಾನಾ, ಜಿಲ್ಲೆ ಎಂದು ಒಂದೇ ಉಸುರಿನಲ್ಲಿ ಒಪ್ಪಿಸಿದ. ಹವಾಲ್ದಾರರ ಪೆನ್ನು 'ಥಾನಾ' ಎಂಬ ಮಾತಿಗೆ ನಿಂತುಬಿಟ್ಟಿತು. "ಥಾನಾ ಯಾಕ ಹೇಳಾಕತ್ತಾನ್ರಿ ಇವ? ಊರಾಗ ಏನರ ಕೇಸ್ ಐತೇನು?" ಎಂದು ನನ್ನ ಕಡೆ ನೋಡಿದರು. ಬಿಹಾರದ ಕಡೆ ವಿಳಾಸ ಹೇಳುವಾಗ ತಾವು ಯಾವ ಪೊಲೀಸ್ ಠಾಣೆಯ ಹದ್ದಿಯವರು ಎಂಬುದನ್ನೂ ಸೇರಿಸಿ ಹೇಳುವುದು ವಾಡಿಕೆ, ನಾವು ತಾಲ್ಲೂಕು ಹೇಳಿದ ಹಾಗೆ. ಇದನ್ನು ಬಿಡಿಸಿ ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು, ಹಾಗೂ ಅಷ್ಟು ಹೊತ್ತು ಆ ಹುಡುಗ ಏನೋ ತಪ್ಪು ಮಾತಾಡಿದೆನೆಂದು ನೆಲ ನೋಡುತ್ತ ನಿಂತಿದ್ದ. ನಾನು ಜೊತೆಗೆ ಹೋಗದೆ ಇದ್ದಿದ್ದರೆ ಆ ಸಾಲಿನಲ್ಲಿ ಏನು ಬರೆಯುತ್ತಿದ್ದರೋ ನನಗೆ ಗೊತ್ತಿಲ್ಲ. ಬರೆದದ್ದನ್ನು ನೋಡಿದಾಗ ಕಟಿಹಾರ ಎಂಬುದು 'ಕಠಾರ' ಎಂದಾಗಿತ್ತು. ತಿದ್ದಲು ಹೇಳಿದೆ, ತಿದ್ದಿದರು.

ಫೋಟೊ ಅಂಟಿಸಿ, ಆಧಾರ್ ಪ್ರತಿ ಪಿನ್ ಹಾಕಿ, ಉದ್ದನೆಯ ರೂಲ್ ಹಾಕಿದ ಪುಸ್ತಕದಲ್ಲಿ ಒಂದೊಂದು ಸಾಲು ಬರೆದುಕೊಂಡು ಮುಗಿಸುವಾಗ ಮಧ್ಯಾಹ್ನ ಎರಡು ಗಂಟೆ. ನಾಲ್ವರದೂ ಆ ದಿನದ ಪಗಾರ ಹೋಯಿತು. ಇದೆಲ್ಲ ಸಹಿಸಬಹುದಾದದ್ದೇ. ಏಳುವ ಮುನ್ನ, ವಿವರ ಒಪ್ಪಿಸಿದ್ದಕ್ಕೆ ಒಂದು ಸ್ವೀಕೃತಿ ಕೊಡಿರೆಂದು ಕೇಳಿದಾಗ ಹವಾಲ್ದಾರರು ನಕ್ಕರು. "ಅದೆಲ್ಲ ಏನೂ ಇರೂದಿಲ್ರಿ ಸರ್. ನಮ್ಮ ಬುಕ್ಕಿನಾಗ ಬರದೈತಲ್ರಿ, ಸಾಕು."

ಸಾಕಾಗಲಿಲ್ಲ. ಎರಡೂವರೆ ತಿಂಗಳ ಮೇಲೆ ನಮ್ಮ ಓಣಿಯಲ್ಲಿ ಒಂದು ಮೋಟರ್‌ಸೈಕಲ್ ಕಳುವಾಯಿತು. ಅಂದು ರಾತ್ರಿ ಎಂಟರ ಹೊತ್ತಿಗೆ ಇಬ್ಬರು ಪೊಲೀಸರು ಬಂದು, ಆಗತಾನೆ ರೊಟ್ಟಿ ಬೇಯಿಸಲು ಒಲೆ ಹಚ್ಚಿದ್ದ ಹುಡುಗರನ್ನು ವಿಚಾರಣೆಗೆಂದು ಎಬ್ಬಿಸಿಕೊಂಡು ಹೋದರು. ಹಿಂದೆಯೇ ನಾನು ಹೋದೆ. ನನ್ನ ವಿದ್ಯಾರ್ಥಿ ಹವಾಲ್ದಾರರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊಸಬರು ನನ್ನನ್ನೇ ಕೇಳಿದರು: ಬಾಡಿಗೆಯವರ ಮಾಹಿತಿ ಕೊಟ್ಟೀರೇನು? ಕೊಟ್ಟೀನಿ ಎಂದೆ. ಹಾಗಾದರೆ ತೋರಿಸಿರಿ ಎಂದರು. ಏನನ್ನು ತೋರಿಸಲಿ? ಪುಸ್ತಕ ಹುಡುಕಿದರು, ವರ್ಷ ಬದಲಾದ್ದರಿಂದ ಹಳೆಯದು ಕಪಾಟಿನ ಯಾವ ಗಂಟಿನಲ್ಲಿತ್ತೋ ಸಿಗಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಹುಡುಗರು ಅಲ್ಲಿಯೇ ಕುಳಿತಿದ್ದರು. ಯಾರೂ ಕೈ ಎತ್ತಲಿಲ್ಲ, ಅದನ್ನು ಹೇಳಬೇಕು. ಆದರೆ ಮರುದಿನ ಅವರು ಕೆಲಸ ಮಾಡುತ್ತಿದ್ದ ಮನೆಯವರಿಗೆ ಸುದ್ದಿ ಮುಟ್ಟಿ, ಅರ್ಧ ಕೂಡಿಸಿದ ನೆಲವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಐದನೆಯ ದಿನ ಮೋಟರ್‌ಸೈಕಲ್ ಸಿಕ್ಕಿತು. ಮಾಲೀಕರ ಹೆಂಡತಿಯ ತಮ್ಮ ಹೇಳದೆ ತಾಳಿಕೋಟೆಗೆ ಒಯ್ದಿದ್ದ! ಇಬ್ಬರು ಹುಡುಗರು ಆ ವಾರವೇ ಹೈದರಾಬಾದಿಗೆ ಹೋದರು.

ಹೆಸರು ಬರೆಸದೆ ಇದ್ದವರನ್ನು ಅನುಮಾನಿಸುವುದು ಒಂದು ಮಾತು. ಹೆಸರು ಬರೆಸಿ, ಫೋಟೊ ಕೊಟ್ಟು, ಮೈಮೇಲಿನ ಮಚ್ಚೆ ಸಹಿತ ಒಪ್ಪಿಸಿದವರೂ, ಅವರನ್ನು ಕರೆತಂದ ಮನೆಯವನೂ, ಏನೂ ಮಾಡದವರ ಸಾಲಿನಲ್ಲಿಯೇ ನಿಲ್ಲಬೇಕಾದರೆ, ಮುಂದಿನ ಸಲ ಯಾರಾದರೂ ಏಕೆ ಹೋಗುತ್ತಾರೆ? ನಮ್ಮ ಓಣಿಯಲ್ಲಿಯೇ ಈಗ 'ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ, ಬರೆಸಿದರೆ ಮೊದಲು ನಮ್ಮನ್ನೇ ಕರೆಯುತ್ತಾರೆ' ಎನ್ನುವವರು ಹೆಚ್ಚಾಗಿದ್ದಾರೆ. ನಾನು ಅವರಿಗೆ ಕಾನೂನು ಹೇಳಲು ಹೋಗಿ ಸುಮ್ಮನಾಗಿದ್ದೇನೆ.

ಕಾನೂನಿನ ಮಾತು ಬಂದದ್ದರಿಂದ ಅದನ್ನೂ ಸ್ವಲ್ಪ ನೋಡೋಣ. ಭಾರತದ ಪ್ರಜೆ ದೇಶದ ಯಾವ ಭಾಗಕ್ಕಾದರೂ ಹೋಗಬಹುದು, ಎಲ್ಲಿಯಾದರೂ ನೆಲೆಸಬಹುದು. ಸಂವಿಧಾನದ 19ನೆಯ ವಿಧಿ ಇದನ್ನು ಹಕ್ಕಾಗಿ ಕೊಟ್ಟಿದೆ. ಕಟಿಹಾರದಿಂದ ವಿಜಯಪುರಕ್ಕೆ ಬಂದವನು ಠಾಣೆಯ ಅನುಮತಿ ಪಡೆದು ವಾಸಿಸುವುದಿಲ್ಲ. ಬಾಡಿಗೆದಾರರ ವಿವರ ಕೊಡಬೇಕೆಂಬ ಆದೇಶಗಳು ಸಾಮಾನ್ಯವಾಗಿ ಹೊರಡುವುದು ಮನೆಯ ಮಾಲೀಕರ ಮೇಲೆ, ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ಕೆಳಗೆ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನ ಕೆಳಗೆ. ಈ ಕಲಮಿನಡಿಯ ಆದೇಶಕ್ಕೆ ಎರಡು ತಿಂಗಳ ಆಯುಷ್ಯ. ರಾಜ್ಯ ಸರಕಾರ ಬಯಸಿದರೆ ಇನ್ನೂ ಆರು ತಿಂಗಳವರೆಗೆ ಬೆಳೆಸಬಹುದು. ಅಂದರೆ ಯಾವ ಕಾಲಕ್ಕೋ ಹೊರಟ ಆದೇಶವನ್ನು ಆಟೊದಲ್ಲಿ ಎಂದೆಂದಿಗೂ ಸಾರುತ್ತಿರಲು ಬರುವುದಿಲ್ಲ. ಆದೇಶದ ಸಂಖ್ಯೆ ಯಾವುದು, ದಿನಾಂಕ ಯಾವುದು, ಎಷ್ಟು ದಿನ ಜಾರಿಯಲ್ಲಿರುತ್ತದೆ ಎಂಬುದನ್ನು ಅದರ ಜೊತೆಗೆ ಹೇಳಿದರೆ ಕೇಳುವವರಿಗೂ ನಂಬಿಕೆ ಬರುತ್ತದೆ.

ಇದಕ್ಕೆ ಹೋಲಿಸಿದರೆ ಪರದೇಶದಿಂದ ಬಂದವರ ನೋಂದಣಿ ಎಷ್ಟೋ ಅಚ್ಚುಕಟ್ಟು. ಬೆಳಗಾವಿಯಲ್ಲಿ ವೈದ್ಯಕೀಯ ಓದಲು ಮಲೇಷ್ಯಾದಿಂದ ವಿದ್ಯಾರ್ಥಿಗಳು ಬರುತ್ತಾರೆ. 180 ದಿನಗಳಿಗಿಂತ ಹೆಚ್ಚಿನ ವೀಸಾದ ಮೇಲೆ ಬಂದ ಪರದೇಶಿ ವಿದ್ಯಾರ್ಥಿ 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಉಳಿಸಿಕೊಂಡ ಹಾಸ್ಟೆಲಿನವರೋ ಮನೆಯವರೋ 24 ಗಂಟೆಯೊಳಗೆ ಅವರ ವಿವರದ ನಮೂನೆ ತುಂಬಿ ಕಳಿಸಬೇಕು. ಜಿಲ್ಲೆಗಳಲ್ಲಿ ಈ ಕೆಲಸದ ಅಧಿಕಾರಿ ಪೊಲೀಸ್ ವರಿಷ್ಠಾಧಿಕಾರಿಗಳೇ, ಅರ್ಜಿ ಮಾತ್ರ ಆನ್‌ಲೈನ್. 1939ರ ಮತ್ತು 1946ರ ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ನಿಯಮ ಕಟ್ಟುನಿಟ್ಟು, ದಂಡವೂ ಉಂಟು. ಆದರೆ ಎಲ್ಲ ಮುಗಿದ ಮೇಲೆ ಆ ವಿದ್ಯಾರ್ಥಿಯ ಕೈಗೆ ನೋಂದಣಿಯ ಪ್ರಮಾಣಪತ್ರ ಬರುತ್ತದೆ, ಯಾರು ಕೇಳಿದರೂ ತೋರಿಸಬಹುದು. ಪರದೇಶದವನಿಗೆ ಸಿಗುವ ಆ ಒಂದು ಹಾಳೆ ಕಟಿಹಾರದ ಹುಡುಗನಿಗೆ ಸಿಗದಿರುವುದಕ್ಕೆ ಕಾರಣ ಏನೆಂದು ನಾನು ಬಹಳ ಯೋಚಿಸಿದ್ದೇನೆ. ಅವನು ಕೇಳುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣ ತೋಚಿಲ್ಲ.

ಇದು ಬರೀ ಪರರಾಜ್ಯದವರ ಪರವಾದ ವಕಾಲತ್ತು ಎಂದು ಓದುಗರು ತಿಳಿಯಬಾರದು. ಗುಳೆ ಹೋಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಸುಗ್ಗಿ ಮುಗಿದರೆ ತಾಂಡಾಗಳಿಗೆ ಬೀಗ ಬೀಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಜನ ಸಾಂಗಲಿ, ಕೊಲ್ಹಾಪುರಕ್ಕೆ ಕಬ್ಬು ಕಡಿಯಲು, ಮಂಗಳೂರಿಗೆ ಗೌಂಡಿ ಕೆಲಸಕ್ಕೆ, ಗೋವಾಕ್ಕೆ ಸಿಕ್ಕ ಕೆಲಸಕ್ಕೆ ಹೋಗುತ್ತಾರೆ. ನನ್ನ ಖಾಸಾ ತಮ್ಮ ವಾಸ್ಕೋದಲ್ಲಿ ಹದಿನೆಂಟು ವರ್ಷ ದುಡಿದ. ಅಲ್ಲಿ ನಮ್ಮವರಿಗೆ 'ಘಾಟಿ' ಎಂದು ಹೆಸರು, ಘಟ್ಟದ ಮೇಲಿನಿಂದ ಇಳಿದು ಬಂದವರೆಂದು. ಅದನ್ನು ಅವರು ಹೇಗೆ ಉಚ್ಚರಿಸುತ್ತಾರೆ ಎಂಬುದನ್ನು ಕೇಳಿದವರಿಗೇ ಅದರ ಚುಚ್ಚು ಗೊತ್ತು. ಮನೆ ಬದಲಿಸಿದಾಗಲೆಲ್ಲ ಅಲ್ಲಿಯ ಠಾಣೆಗೆ ಫೋಟೊ, ರೇಶನ್ ಕಾರ್ಡಿನ ಪ್ರತಿ ಒಯ್ದು ಕೊಟ್ಟು ಬರುತ್ತಿದ್ದ. ಅವನಿಗೂ ರಸೀದಿ ಕೊಡಲಿಲ್ಲ. ಓಣಿಯಲ್ಲಿ ಕಳುವಾದರೆ ಮೊದಲು ಅವನ ಬಾಗಿಲನ್ನೇ ಬಡಿಯುತ್ತಿದ್ದರು, ಕಟಿಹಾರದ ಹುಡುಗರಿದ್ದ ನನ್ನ ಮಾಳಿಗೆಯ ಬಾಗಿಲು ಬಡಿದ ಹಾಗೆಯೇ. 2004ರಲ್ಲಿ ವಾಸ್ಕೋದ ಬೈನಾ ಕಡಲದಂಡೆಯ ಗುಡಿಸಲು, ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಕಡೆಯವರು ಎಷ್ಟೋ ಜನ. ವರ್ಷಗಟ್ಟಲೆ ಅಲ್ಲಿ ಬಾಳಿದವರಿಗೆ, ನಾವು ಇಲ್ಲಿದ್ದೆವು ಎಂದು ತೋರಿಸುವ ಕಾಗದ ಹುಡುಕುವುದೇ ಆಗ ದೊಡ್ಡ ಕೆಲಸವಾಗಿತ್ತು ಎಂದು ತಮ್ಮ ಹೇಳುತ್ತಿದ್ದ.

2020ರ ಲಾಕ್‌ಡೌನಿನಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಸೋಲಾಪುರದ ಕಡೆಯಿಂದ ನಡೆದು ಬಂದವರು ಧೂಳಖೇಡದ ಚೆಕ್‌ಪೋಸ್ಟಿನಲ್ಲಿ, ಭೀಮೆಯ ದಂಡೆಯಲ್ಲಿ ತಡೆದು ನಿಂತರು. ಊರಿಗೆ ಮರಳಲು ಸೇವಾ ಸಿಂಧುವಿನಲ್ಲಿ ಪಾಸ್ ತೆಗೆಯಬೇಕಾಯಿತು. ಯಾವ ಊರಿನ ಎಷ್ಟು ಜನ ಎಲ್ಲಿ ದುಡಿಯುತ್ತಿದ್ದಾರೆ ಎಂಬ ಪಟ್ಟಿ ಕಳಿಸಿದ ರಾಜ್ಯದಲ್ಲಿಯೂ ಇರಲಿಲ್ಲ, ಕರೆಸಿಕೊಂಡ ರಾಜ್ಯದಲ್ಲಿಯೂ ಇರಲಿಲ್ಲ. ದಾರಿಯಲ್ಲಿ ಸತ್ತ ಕಾರ್ಮಿಕರ ಲೆಕ್ಕ ತನ್ನಲ್ಲಿಲ್ಲವೆಂದು ಕೇಂದ್ರ ಸರಕಾರವೇ ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ತಿಳಿಸಿತು. ಠಾಣೆ ಠಾಣೆಗಳಲ್ಲಿ ಅಷ್ಟೊಂದು ಹೆಸರು ಬರೆದುಕೊಂಡಿದ್ದ ಆ ಉದ್ದನೆಯ ಪುಸ್ತಕಗಳು ಅಂದು ಎಲ್ಲಿದ್ದವು? ಕಳ್ಳನನ್ನು ಹುಡುಕಲು ಮಾತ್ರ ತೆರೆಯುವ ಪುಸ್ತಕ ಹಸಿದವನನ್ನು ಹುಡುಕಲು ಉಪಯೋಗಕ್ಕೆ ಬರಲಿಲ್ಲ. ಮರುವರ್ಷ, 2021ರ ಆಗಸ್ಟ್ 26ರಂದು, ಅಸಂಘಟಿತ ಕಾರ್ಮಿಕರ ಹೆಸರು ನೋಂದಿಸುವ ಇ-ಶ್ರಮ್ ಪೋರ್ಟಲ್ ಬಂತು. ನಮ್ಮ ಹುಡುಗರಲ್ಲಿ ಮೂವರ ಬಳಿ ಆ ಕಾರ್ಡ್ ಇದೆ. ಠಾಣೆಯ ನಮೂನೆಯಲ್ಲಿ ಅದಕ್ಕೊಂದು ಸಾಲು ಇಲ್ಲ.

ಈ ಪುಸ್ತಕ ಉಪಯೋಗಕ್ಕೆ ಬರಬೇಕಾದ ಇನ್ನೊಂದು ಸಂದರ್ಭವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಹುಡುಗರ ಪರಿಚಯದ ಒಬ್ಬ ಪ್ಲಾಸ್ಟರ್ ಕೆಲಸದವನು ಕಟ್ಟಡದ ಮೂರನೆಯ ಅಂತಸ್ತಿನ ಸಾರವೆ ಮುರಿದು ಬಿದ್ದು ಸತ್ತ. ಗುತ್ತಿಗೆದಾರನ ಫೋನ್ ಬಂದ್ ಆಯಿತು. ಸತ್ತವನ ಮೊಬೈಲಿಗೆ ಲಾಕ್ ಇತ್ತು. ಅವನು ಬಿಹಾರದ ಪೂರ್ಣಿಯಾ ಕಡೆಯವನು ಎಂಬುದಕ್ಕಿಂತ ಹೆಚ್ಚು ಯಾರಿಗೂ ತಿಳಿದಿರಲಿಲ್ಲ. ಹುಡುಗರು ಒಬ್ಬರಿಂದ ಒಬ್ಬರಿಗೆ ಫೋನ್ ಮಾಡುತ್ತ ಹೋಗಿ, ಕೇರಳದಲ್ಲಿ ದುಡಿಯುತ್ತಿದ್ದ ಅವನ ಊರಿನವನೊಬ್ಬನನ್ನು ಹಿಡಿದು, ಎರಡನೆಯ ದಿನ ಸಂಜೆ ಅವನ ತಾಯಿಗೆ ಸುದ್ದಿ ಮುಟ್ಟಿಸಿದರು. ಆವರೆಗೆ ಹೆಣ ಶವಾಗಾರದಲ್ಲಿತ್ತು. ಕಾನೂನಿನಲ್ಲಿ ಇದಕ್ಕೆ ದಾರಿ ಇರಲಿಲ್ಲವೆಂದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಇಂಥ ಕೆಲಸಗಾರರಿದ್ದ ಕಡೆಯಲ್ಲೆಲ್ಲ ಲಾಗೂ ಆಗುತ್ತಿತ್ತು. ಕರೆತಂದ ಗುತ್ತಿಗೆದಾರ ಪ್ರತಿಯೊಬ್ಬನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಪಗಾರದ ದರ ಬರೆಯಬೇಕು, ಅಪಘಾತವಾಗಿ ಸತ್ತರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಸತ್ತವನ ಹತ್ತಿರದ ಬಂಧುಗಳಿಗೂ ತಿಳಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ಕಾಯ್ದೆಯನ್ನು ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿಸಿದ್ದಾರೆ. ನಲವತ್ತು ವರ್ಷಗಳಲ್ಲಿ ಆ ಪಾಸ್‌ಬುಕ್ಕನ್ನು ಕಣ್ಣಾರೆ ಕಂಡ ಒಬ್ಬ ಕೆಲಸಗಾರನನ್ನೂ ನಾನು ಕಂಡಿಲ್ಲ. ಕಬ್ಬು ಕಡಿಯುವವರ ಗುಂಪು ಕಟ್ಟಿ ಒಯ್ಯುವ ಮುಕಾದಮರಲ್ಲಿ ಒಬ್ಬರನ್ನು ಕೇಳಿದರೆ, "ಅದು ಬ್ಯಾಂಕಿಂದೇನ್ರಿ?" ಎಂದರು. ಗುತ್ತಿಗೆದಾರನ ಹೊಣೆ ಹೀಗೆ ಸವೆದು ಹೋಗಿರುವಾಗ ಸಾರುವ ಆಟೊ ಮಾತ್ರ ಮನೆ ಬಾಡಿಗೆಗೆ ಕೊಟ್ಟವರ ಓಣಿಗೆ ಬರುತ್ತದೆ, ಕಟ್ಟಡ ಏಳುತ್ತಿರುವ ಜಾಗಕ್ಕೆ ಹೋಗುವುದಿಲ್ಲ.

ರಸೀದಿ ಕೊಡಿರೆಂದು ಕೇಳುವಾಗ ನನಗೊಂದು ಅಳುಕೂ ಇದೆ, ಅದನ್ನು ಮುಚ್ಚಿಡಬಾರದು. ನಾನು ನೌಕರಿಗೆ ಸೇರಿದ ಹೊಸದರಲ್ಲಿ, ನಮ್ಮ ಶಾಲೆಯ ಹತ್ತಿರ ಒಬ್ಬ ಮುದುಕರಿದ್ದರು. ಸೆಟ್ಲಮೆಂಟಿನಲ್ಲಿ ಹುಟ್ಟಿ ಬೆಳೆದವರು. 1871ರಲ್ಲಿ ಬ್ರಿಟಿಷರು ಮಾಡಿದ 'ಅಪರಾಧಿ ಬುಡಕಟ್ಟುಗಳ' ಕಾಯ್ದೆ ಹುಟ್ಟಿದ ಕೂಸನ್ನೂ ಕಳ್ಳನೆಂದು ಬರೆದುಕೊಳ್ಳುತ್ತಿತ್ತು. ಮುಂಬೈ ಪ್ರಾಂತದ ಆಳಿಕೆಯಲ್ಲಿ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಅಂಥ ಜನರನ್ನು ಕೂಡಿಹಾಕಿದ ವಸತಿಗಳಿದ್ದವು, ಅದೇ ಹೆಸರು ಈಗಲೂ ಓಣಿಗಳಿಗೆ ಉಳಿದಿದೆ. ದಿನವೂ ಹಾಜರಿ ಹಾಕಬೇಕಿತ್ತಂತೆ. ಬೀಗರ ಊರಿಗೆ ಮದುವೆಗೆ ಹೋಗಬೇಕಾದರೂ ಚೀಟಿ ಬರೆಸಿಕೊಂಡು, ಹೋದ ಊರಿನಲ್ಲಿ ಪೊಲೀಸ್ ಗೌಡರಿಗೆ ತೋರಿಸಿ, ಬರುವಾಗ ಅದನ್ನೇ ಮರಳಿ ಒಪ್ಪಿಸಬೇಕಿತ್ತಂತೆ. ಆ ಕಾಯ್ದೆ 1952ರಲ್ಲಿ ರದ್ದಾಯಿತು. ರದ್ದಾಗಿ ಮೂವತ್ತು ವರ್ಷ ದಾಟಿದ ಮೇಲೂ ಆ ಅಜ್ಜ ಖಾಕಿ ಕಂಡರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು, ಬಂದವನು ಪೋಸ್ಟ್‌ಮನ್ ಆಗಿದ್ದರೂ. ನಾನು ಕೇಳುತ್ತಿರುವ ರಸೀದಿ ಆ ಚೀಟಿಯ ಮೊಮ್ಮಗ ಆಗಬಾರದು. ಕೆಲಸಕ್ಕೆ ಹೊರಟವನನ್ನು ರಸ್ತೆಯಲ್ಲಿ ನಿಲ್ಲಿಸಿ 'ಎಲ್ಲೈತಿ ನಿನ್ನ ರಸೀದಿ' ಎಂದು ಕೇಳುವ ಚಾಳಿ ಅದರಿಂದ ಹುಟ್ಟುವುದಾದರೆ ಅದು ಬೇಡವೇ ಬೇಡ. ವಿವರ ಪಡೆದವರು 'ಪಡೆದಿದ್ದೇವೆ' ಎಂದು ಒಪ್ಪಿಕೊಂಡ ಮಾತು ಅದರಲ್ಲಿರಲಿ, ತೋರಿಸುವುದು ಅವನ ಇಚ್ಛೆಯಾಗಿರಲಿ. ಅಂದಹಾಗೆ, ಆ ಕಾಯ್ದೆ ಮಾಡಿದ ಬ್ರಿಟನ್ನಿನಲ್ಲಿ ಕೆಲವು ದೇಶಗಳಿಂದ ಬಂದವರು ಏಳು ದಿನದೊಳಗೆ ಪೊಲೀಸರಲ್ಲಿ 34 ಪೌಂಡ್ ಕಟ್ಟಿ ಹೆಸರು ಬರೆಸಬೇಕಾದ ಪದ್ಧತಿಯೊಂದಿತ್ತು. 2022ರ ಆಗಸ್ಟಿನಲ್ಲಿ ಅವರು ಅದನ್ನೇ ಕೈಬಿಟ್ಟರು.

ಪೊಲೀಸರ ಕಷ್ಟವೂ ನನಗೆ ಗೊತ್ತಿದೆ. ಜಾತ್ರೆ, ಚುನಾವಣೆ, ಮಂತ್ರಿಗಳ ಪ್ರವಾಸ ಎಂದು ಬಂದೋಬಸ್ತಿನಲ್ಲಿಯೇ ಅವರ ಅರ್ಧ ಆಯುಷ್ಯ ಕಳೆಯುತ್ತದೆ, ನನ್ನ ವಿದ್ಯಾರ್ಥಿ ಅಂದು ಮಧ್ಯಾಹ್ನ ಎರಡಾದರೂ ಉಂಡಿರಲಿಲ್ಲ. ಆದರೆ ಸ್ವೀಕೃತಿ ಕೊಡುವುದು ಹೊಸ ಕೆಲಸವೇನಲ್ಲ, ನಮ್ಮ ರಾಜ್ಯದಲ್ಲಿ ಅದಕ್ಕೆ ಹಾಸಿದ ಹಾದಿ ಇದೆ. 2011ರ ಕಾಯ್ದೆಯಿಂದ ಬಂದ 'ಸಕಾಲ'ದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವನ ಕೈಗೂ 15 ಅಂಕಿಗಳ ಒಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆ ಹಿಡಿದು ಹಳ್ಳಿಯ ಮುದುಕಿಯೂ ನಾಡಕಚೇರಿಯಲ್ಲಿ 'ಎಲ್ಲಿಗೆ ಬಂತಪ್ಪಾ' ಎಂದು ಕೇಳುತ್ತಾಳೆ. ಬಾಡಿಗೆದಾರರ ವಿವರವನ್ನೂ ಅದೇ ಬಗೆಯಲ್ಲಿ ಪಡೆದು, ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಮುದ್ರೆ ಕೊಟ್ಟರೆ ಪುಸ್ತಕ ಯಾವ ಗಂಟಿನಲ್ಲಿದ್ದರೂ ಚಿಂತೆಯಿಲ್ಲ. 2025ರಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಎಂಬ ಯೋಜನೆಯಲ್ಲಿ ಬೀಟಿನವರು ಬಾಗಿಲಿಗೆ ಬಂದು ಮಾತಾಡಿಸಬೇಕೆಂದಿದೆ. ಬಂದವರು ಮಾಳಿಗೆಯ ಮೆಟ್ಟಿಲನ್ನೂ ಹತ್ತಿ, ಸಂಜೆ ಏಳರ ಮೇಲೆ, ಕೆಲಸದಿಂದ ಬಂದ ಹುಡುಗರನ್ನು ಅಲ್ಲಿಯೇ ಕೇಳಿ ಬರೆದುಕೊಂಡರೆ ಅವರ ಒಂದು ದಿನದ ಪಗಾರವೂ ಉಳಿಯುತ್ತದೆ. ನಮೂನೆ ಹಿಂದಿಯಲ್ಲಿಯೂ ಒಂದಿರಲಿ. ಮೈಬಣ್ಣ ಕೇಳುವ ಸಾಲನ್ನು ತೆಗೆದು, ಊರಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬ ಸಾಲು ಹಾಕಿರಿ, ಫೋಟೊ ಇದ್ದ ಮೇಲೆ ಮೈಬಣ್ಣ ಯಾತಕ್ಕೆ? ಒಮ್ಮೆ ಬರೆಸಿದವನು ಓಣಿ ಬದಲಿಸಿದರೆ ಮತ್ತೆ ಮೊದಲಿಂದ ಶುರುಮಾಡದೆ ಹಳೆಯ ಸಂಖ್ಯೆಯ ಮೇಲೆಯೇ ಹೊಸ ವಿಳಾಸ ಬರೆದುಕೊಳ್ಳಲಿ.

ಆಧಾರ್ ಪ್ರತಿಗಳ ಬಗ್ಗೆಯೂ ಒಂದು ಮಾತು. ಆ ಝೆರಾಕ್ಸ್ ಅಂಗಡಿಯಲ್ಲಿ ನಾವು ನಿಂತಾಗ, ಸರಿಯಾಗಿ ಮೂಡದ ಆಧಾರ್ ಪ್ರತಿಗಳ ಹಿಂಬದಿಯಲ್ಲಿ ಅಂಗಡಿಯವರು ಲೆಕ್ಕ ಬರೆಯುತ್ತಿದ್ದರು. ಯಾರದೋ ಹೆಸರು, ಯಾರದೋ ಹುಟ್ಟಿದ ತಾರೀಖು, ಹಿಂದೆ 'ಕಲರ್ 2, ಬಾಕಿ 30'. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯ ಮೇಲೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ತೆಗೆಯಲು ಈಗ ಬರುತ್ತದೆ, ಅದನ್ನೇ ಪಡೆದರೆ ಸಾಕಲ್ಲವೇ?

ಉಳಿದ ಇಬ್ಬರು ಹುಡುಗರು ಇನ್ನೂ ನನ್ನ ಮಾಳಿಗೆಯ ಮೇಲೆಯೇ ಇದ್ದಾರೆ. ಅವರ ಊರಿನ ಮತ್ತಿಬ್ಬರು ಮುಂದಿನ ವಾರ ಬರುವವರಿದ್ದಾರೆ. ಅವರನ್ನೂ ಕರೆದುಕೊಂಡು ನಾನು ಅದೇ ಠಾಣೆಗೆ ಹೋಗುತ್ತೇನೆ. ಈ ಸಲ ನಮೂನೆಯನ್ನು ಎರಡೆರಡು ಪ್ರತಿ ತುಂಬಿ ಒಯ್ಯುತ್ತೇನೆ, ಒಂದು ಅವರಿಗೆ, ಇನ್ನೊಂದರ ಮೇಲೆ ತಾರೀಖು ಹಾಕಿ ಮುದ್ರೆ ಒತ್ತಿ ನಮಗೆ ಮರಳಿ ಕೊಡಿರೆಂದು ಕೇಳಲು. ಕೊಡುವವರೆಗೆ ಅಲ್ಲಿಯೇ ಕೂಡುವ ವಿಚಾರವಿದೆ. ನಿವೃತ್ತನಿಗೆ ಹೊತ್ತಿಗೇನು ಬರ. ಹುಡುಗರಿಗೂ ಕುರ್ಚಿ ಕೇಳುತ್ತೇನೆ.

ಬಾಡಿಗೆಯವರಿಗೆ ತೊಂದರೆಯಾಗದಿರಲೆಂದು ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ವಿಜಯಪುರ